ನಮ್ಮ ಕೋಡ್ ಎಲ್ಲಿರಬೇಕು?

(ಹುಬ್ಬಳ್ಳಿಯಲ್ಲಿ ಕನ್ನಡ ಪದಪರೀಕ್ಷಕವೊಂದನ್ನು ಮುಕ್ತ ತಂತ್ರಾಂಶವಾಗಿ ರೂಪಿಸಲು ಹೊರಟಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಮಿತ್ರರೆ,

ಧಾರವಾಡಕ್ಕೆ ಓದಲು ಬಂದವರು ಬಾಡಿಗೆ ಕೋಣೆ ನೋಡುವಾಗ, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿಕೊಂಡೇ ಮುಂಗಡ ಕೊಡುತ್ತಾರೆ. ತಂತ್ರಾಂಶಕ್ಕೆ ನೆಲೆ, ಅಂದರೆ ಅದರ ಕೋಡ್ ಇಟ್ಟು ಹಂಚುವ ಜಾಲತಾಣ, ಹುಡುಕುವಾಗ ನಾವು ಅಷ್ಟನ್ನೂ ವಿಚಾರಿಸುವುದಿಲ್ಲ. ಎಲ್ಲರೂ ಅಲ್ಲಿದ್ದಾರೆ, ದುಡ್ಡು ಕೇಳುವುದಿಲ್ಲ ಎಂಬ ಎರಡೇ ಕಾರಣಕ್ಕೆ ಖಾತೆ ತೆರೆದು ಕೋಡ್ ಏರಿಸಿಬಿಡುತ್ತೇವೆ.

ಇಂಥ ನೆಲೆಗಳು ಶಾಶ್ವತವಲ್ಲ. 1999ರಲ್ಲಿ ಆರಂಭವಾದ ಸೋರ್ಸ್‌ಫೋರ್ಜ್ ಒಂದು ಕಾಲದಲ್ಲಿ ಮುಕ್ತ ತಂತ್ರಾಂಶದ ದೊಡ್ಡ ಪೇಟೆಯಾಗಿತ್ತು. ಅದೇ ತಾಣದಲ್ಲಿ 2015ರಲ್ಲಿ ಜಿಂಪ್ ಎಂಬ ಚಿತ್ರ ತಂತ್ರಾಂಶದ ವಿಂಡೋಸ್ ಆವೃತ್ತಿಯ ಜೊತೆಗೆ ಜಾಹೀರಾತು ತಂತ್ರಾಂಶಗಳನ್ನು ಸೇರಿಸಿ ಕೊಟ್ಟದ್ದು ದೊಡ್ಡ ವಿವಾದವಾಯಿತು. ಗೂಗಲ್ ಕೋಡ್ 2006ರಲ್ಲಿ ತೆರೆದು 2016ರಲ್ಲಿ ಮುಚ್ಚಿತು. 2008ರಲ್ಲಿ ಬಂದ ಗಿಟ್‌ಹಬ್ ಅನ್ನು ಕೊಳ್ಳುವುದಾಗಿ 2018ರಲ್ಲಿ ಮೈಕ್ರೋಸಾಫ್ಟ್ ಘೋಷಿಸಿತು, ಬೆಲೆ 7.5 ಶತಕೋಟಿ ಡಾಲರ್. ನಮ್ಮ ದೇಶದಲ್ಲಿಯೇ 2014ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆಯ ಆದೇಶದ ಮೇರೆಗೆ ನಿರ್ಬಂಧಿಸಲಾದ 32 ತಾಣಗಳ ಪಟ್ಟಿಯಲ್ಲಿ ಗಿಟ್‌ಹಬ್, ಸೋರ್ಸ್‌ಫೋರ್ಜ್ ಎರಡೂ ಇದ್ದವು. ನಿರ್ಬಂಧ ಬೇಗನೆ ಸಡಿಲವಾಯಿತೆನ್ನುವುದು ಬೇರೆ ಮಾತು.

ಹಾಗಾದರೆ ಕೋಡ್ ಕಳೆದುಹೋಗುತ್ತದೆಯೇ? ಇಲ್ಲ. ಲಿನಕ್ಸ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶವನ್ನು ಬರೆದದ್ದೇ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ತಂಡವು ಆವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಪರವಾನಗಿ ರದ್ದಾದಾಗ. ಗಿಟ್‌ನಲ್ಲಿ ಪೂರ್ಣ ಪ್ರತಿ ಪಡೆದ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಇಡೀ ಚರಿತ್ರೆ ಇರುತ್ತದೆ. ಬಿಡಾರ ಕೀಳುವಾಗ ಹಿಂದೆ ಉಳಿಯುವುದು ಮಾತುಕತೆ: ಯಾರು ಯಾವ ದೋಷ ತಿಳಿಸಿದರು, ಒಂದು ತಿದ್ದುಪಡಿಯನ್ನು ಏಕೆ ತಿರಸ್ಕರಿಸಿದೆವು ಎಂಬ ಇಶ್ಯೂ (ದೋಷದ ದೂರು) ಮತ್ತು ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ)ಗಳ ಚರ್ಚೆ. ಅವು ಗಿಟ್‌ನ ಒಳಗಿಲ್ಲ, ಆ ತಾಣದ ಡೇಟಾಬೇಸ್‌ನಲ್ಲಿವೆ. ಮುಚ್ಚಿಹೋದ ತಾಣವೊಂದರಿಂದ ನಾನೊಮ್ಮೆ ಚಿಕ್ಕ ಯೋಜನೆಯೊಂದನ್ನು ಸಾಗಿಸಿದಾಗ ಕೋಡ್ ಹತ್ತು ನಿಮಿಷದಲ್ಲಿ ಬಂತು, ಚರ್ಚೆ ಬರಲಿಲ್ಲ. ಆಮೇಲೆ, ಹಿಂದೆಯೇ ಇತ್ಯರ್ಥವಾಗಿದ್ದ ಅರ್ಕಾವೊತ್ತಿನ ಪ್ರಶ್ನೆಯೊಂದರ ಮೇಲೆ ನಾವು ಎರಡನೆಯ ಸಲ ಜಗಳಾಡಿದೆವು. ಪದಪರೀಕ್ಷಕಕ್ಕಂತೂ ಈ ಚರ್ಚೆಯೇ ಜೀವ; ‘ಮಾಡ್ಯಾರ’ ಎಂಬ ರೂಪವನ್ನು ತಪ್ಪೆಂದು ಗುರುತಿಸಬೇಕೆ, ನಮ್ಮ ಕಡೆಯ ಮಾತೆಂದು ಬಿಡಬೇಕೆ ಎಂಬುದಕ್ಕೆ ಕೋಡ್ ಉತ್ತರ ಹೇಳುವುದಿಲ್ಲ.

ಅಷ್ಟೆಲ್ಲ ಏಕೆ, ಕಾಲೇಜಿನಲ್ಲಿಯೇ ಸರ್ವರ್ ಇಡೋಣ ಎಂದು ನಿಮ್ಮಲ್ಲಿ ಕೆಲವರು ಸೂಚಿಸಿದ್ದೀರಿ. ಸಾಧ್ಯವಿದೆ. ಗಿಟ್‌ಹಬ್‌ನಂಥ ತಾಣ ನಡೆಸುವ ತಂತ್ರಾಂಶ ಗಿಟ್‌ಲ್ಯಾಬ್; ಅದರ ಸಮುದಾಯ ಆವೃತ್ತಿಯನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ನಡೆಸಬಹುದು. ಗ್ನೋಮ್, ಡೆಬಿಯನ್, ಕೆಡಿಇಯಂಥ ದೊಡ್ಡ ಮುಕ್ತ ತಂತ್ರಾಂಶ ಯೋಜನೆಗಳು ಹಾಗೆಯೇ ನಡೆಸುತ್ತಿವೆ. ಅದೇ ಕೆಲಸದ ಫೋರ್ಜೆಜೊ ತಂತ್ರಾಂಶ ಇನ್ನೂ ಹಗುರ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ಓಡುತ್ತದೆ. ಆದರೆ ಡೆಬಿಯನ್‌ಗೆ ಸರ್ವರ್ ನೋಡಿಕೊಳ್ಳುವ ತಂಡವಿದೆ. ನಿಮ್ಮಲ್ಲಿ ಪಾಸ್‌ವರ್ಡ್ ಗೊತ್ತಿರುವ ಒಬ್ಬನು ಅಂತಿಮ ವರ್ಷದಲ್ಲಿದ್ದಾನೆ; ಜೂನ್ ಕಳೆದ ಮೇಲೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಕಂಪನಿಯ ಸಿಬ್ಬಂದಿಯೊಬ್ಬರು ಕೈತಪ್ಪಿನಿಂದ ಮುಖ್ಯ ಡೇಟಾಬೇಸ್ ಅಳಿಸಿದಾಗ ಹಲವು ಬಗೆಯ ಬ್ಯಾಕಪ್‌ಗಳು ಕೈಕೊಟ್ಟು, ಸುಮಾರು ಆರು ಗಂಟೆ ಹಳೆಯ ಪ್ರತಿಯೊಂದು ಅದೃಷ್ಟದಿಂದ ಸಿಕ್ಕಿತು. ಅದೇ ಉದ್ಯೋಗವಾಗಿರುವವರ ಸ್ಥಿತಿಯೇ ಹೀಗಾದರೆ ನಾವು ಹುಷಾರಾಗಿರುವುದು ಲೇಸು.

ಕಂಪನಿಯ ತಾಣ, ಸ್ವಂತ ಸರ್ವರ್ ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ, ಗದಗ ಸೀಮೆಯವರಿಗೆ ಅದನ್ನು ವಿವರಿಸುವುದು ಸುಲಭ. 1905ರಲ್ಲಿ ಕಣಗಿನಹಾಳದ ರೈತರು ತಮ್ಮ ಸಾಲದ ವ್ಯವಹಾರವನ್ನು ತಾವೇ ಕೂಡಿ ನಡೆಸಲು ಸಹಕಾರ ಸಂಘ ಕಟ್ಟಿದರು. ಬರ್ಲಿನ್ನಿನಲ್ಲಿ ನೋಂದಣಿಯಾಗಿರುವ, ಕೋಡ್ ಇಡುವ ತಾಣ ನಡೆಸುವ ಕೋಡ್‌ಬರ್ಗ್ ಸಂಘವೂ ಹೆಚ್ಚುಕಡಿಮೆ ಅದೇ ಜಾಯಮಾನದ್ದು: ಲಾಭದ ಗುರಿಯಿಲ್ಲ, ಸದಸ್ಯರಿಗೆ ಮತವಿದೆ, ಮುಕ್ತ ಪರವಾನಗಿಯ ಯೋಜನೆಗಳಿಗಾಗಿಯೇ ನಡೆಯುತ್ತದೆ, ಓಡುವುದು ಫೋರ್ಜೆಜೊ ಮೇಲೆ. ಮನಸ್ಸಿನಿಂದ ನಾನು ಇದರ ಪಕ್ಷದವನು.

ಆದರೂ ಮೊದಲ ವರ್ಷ ಗಿಟ್‌ಹಬ್‌ನಲ್ಲಿಯೇ ಇರಿ ಎನ್ನುತ್ತೇನೆ. ತಪ್ಪು ತಿದ್ದಿ ಕಳಿಸಬಲ್ಲ ಅಪರಿಚಿತ ಪ್ರೋಗ್ರಾಮರನ ಖಾತೆ ಅಲ್ಲಿ ಈಗಾಗಲೇ ಇರುತ್ತದೆ. ಕೋಡ್‌ಬರ್ಗ್‌ನಲ್ಲಿ ಮಿರರ್ (ತದ್ರೂಪ ಪ್ರತಿ) ಇಟ್ಟು ಪ್ರತಿ ವಾರ ಹೊಸದಾಗಿಸಿ. ಇಶ್ಯೂಗಳನ್ನು ತಿಂಗಳಿಗೊಮ್ಮೆ ಎಪಿಐ (ಪ್ರೋಗ್ರಾಂ ಬರೆದು ತಾಣದಿಂದ ಮಾಹಿತಿ ಪಡೆಯುವ ದಾರಿ) ಮೂಲಕ ಇಳಿಸಿಕೊಳ್ಳಿ. ಪದಗಳ ಬಗೆಗಿನ ಪ್ರತಿ ತೀರ್ಮಾನವನ್ನು, ಕಾರಣ ಸಹಿತ, ಕೋಡ್ ಇರುವ ರೆಪೊಸಿಟರಿಯೊಳಗೇ ಒಂದು ಕಡತದಲ್ಲಿ ಬರೆದಿಡಿ. ಜನರಿಗೆ ಕೊಡುವ ವಿಳಾಸ ನಿಮ್ಮದೇ ಡೊಮೇನ್ ಆಗಿರಲಿ, ಆಗ ನೆಲೆ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಹಾವೇರಿಯ ಯಾವುದೋ ಹಳ್ಳಿಯ ಕನ್ನಡ ಮಾಸ್ತರರಿಗೆ ಪುಲ್ ರಿಕ್ವೆಸ್ಟ್ ಕಲಿಸಲು ಹೋಗಬೇಡಿ. ಅವರು ಮೊಬೈಲಿನಲ್ಲಿ ತುಂಬಬಹುದಾದ ಸರಳ ಫಾರ್ಮ್ ಇಡಿ, ಅದನ್ನು ಇಶ್ಯೂ ಆಗಿಸುವ ಕೆಲಸ ನಿಮ್ಮದಾಗಲಿ. ಮತ್ತು ಇವತ್ತೇ, ಈ ಸಭೆ ಮುಗಿಯುವ ಮುನ್ನ, ಎರಡನೆಯ ವರ್ಷದಲ್ಲಿರುವ ಇಬ್ಬರಿಗೆ ಅಡ್ಮಿನ್ ಅಧಿಕಾರ ಕೊಟ್ಟುಬಿಡಿ.