ಬಾರಿಸುತ್ತಲೇ ಹಾಡುವವರು

ಕೇಳುಗರೆ, ನಮಸ್ಕಾರ.

2012ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಹೆಸರಿನ ಅಂತರರಾಷ್ಟ್ರೀಯ ಜಾಝ್ ಸ್ಪರ್ಧೆ ನಡೆಯಿತು. ಆ ವರ್ಷದ ವಾದ್ಯ ಡ್ರಮ್ಸ್. ಗೆದ್ದವರು ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಊರಿನ ಜೇಮಿಸನ್ ರಾಸ್. ಬಹುಮಾನದ ಜೊತೆಗೆ ಕಾನ್ಕಾರ್ಡ್ ಕಂಪನಿಯ ರೆಕಾರ್ಡಿಂಗ್ ಒಪ್ಪಂದವೂ ಬಂತು. 2015ರಲ್ಲಿ ‘ಜೇಮಿಸನ್’ ಎಂಬ ಆಲ್ಬಮ್ ಹೊರಬಿತ್ತು. ಒಪ್ಪಂದ ಗಿಟ್ಟಿಸಿದ್ದು ಕೈಕಾಲು, ಆಲ್ಬಮ್ಮಿನಲ್ಲಿ ಮುಂದೆ ನಿಂತದ್ದು ಗಂಟಲು. ಗ್ರ್ಯಾಮಿಗೆ ಅದು ನಾಮನಿರ್ದೇಶನಗೊಂಡದ್ದೂ ಜಾಝ್ ಗಾಯನದ ವಿಭಾಗದಲ್ಲೇ.

ಅಮೆರಿಕದ ಕಪ್ಪುಜನರ ಸೋಲ್, ಬ್ಲೂಸ್ ಸಂಗೀತ, ಚರ್ಚಿನ ಹಾಡುಗಾರಿಕೆ, ಜಾಝ್ ಇವೆಲ್ಲ ಬೆರೆತ ಇಂಥ ಆಲ್ಬಮ್ಮನ್ನು ಕೇಳುವಾಗ ನಮ್ಮ ಕಿವಿ ಸಹಜವಾಗಿ ದನಿಯ ಹಿಂದೆ ಹೋಗುತ್ತದೆ. ಹೋಗಲಿ. ಆದರೆ ಡ್ರಮ್ಮರ್ ಹಾಡತೊಡಗಿದಾಗ ಹೆಚ್ಚು ಬದಲಾಗುವುದು ಡ್ರಮ್ಸ್. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಕೈಕಾಲುಗಳ ಲೆಕ್ಕ. ಜಾಝ್‌ನ ಸ್ವಿಂಗ್ ನಡೆಯಲ್ಲಿ ಬಲಗೈ ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಾಟಿನ ಮೇಲೆ ‘ಡಿಂಗ್, ಡಿಂಗ್-ಡ-ಡಿಂಗ್’ ಎಂದು ಓಡುತ್ತಿರುತ್ತದೆ. ಎಡಗಾಲು 2 ಮತ್ತು 4ನೇ ಎಣಿಕೆಗೆ ಹೈ-ಹ್ಯಾಟ್ ಎಂಬ ಜೋಡಿ ತಾಟನ್ನು ಮುಚ್ಚುತ್ತದೆ. ಬಲಗಾಲು ನೆಲದ ಮೇಲಿನ ದೊಡ್ಡ ಬಾಸ್ ಡ್ರಮ್ಮನ್ನು ನಾಲ್ಕೂ ಎಣಿಕೆಗೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಮುಟ್ಟುತ್ತದೆ. ಬಿಡುವಾಗಿರುವುದು ಎಡಗೈ ಒಂದೇ. ಅದು ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ ಮೇಲೆ ತನಗೆ ತೋಚಿದಲ್ಲಿ ಪೆಟ್ಟು ಹಾಕಿ ಪಿಯಾನೊದವರ ಜೊತೆ, ಹಾಡುವವರ ಜೊತೆ ಹರಟುತ್ತದೆ. ಸೋಲ್‌ಗೆ ಬಂದರೆ ಈ ವ್ಯವಸ್ಥೆ ತಿರುಗುಮುರುಗು. ಎಡಗೈ 2 ಮತ್ತು 4ಕ್ಕೆ ಸ್ನೇರ್ ಹೊಡೆಯಲೇಬೇಕು, ಅದೇ ಬ್ಯಾಕ್‌ಬೀಟ್. ಬಲಗೈ ಹೈ-ಹ್ಯಾಟ್ ಮೇಲೆ ಎಣಿಕೆಗೆ ಎರಡರಂತೆ ನಡೆಯುತ್ತದೆ. ಬಿಡುವು ಸಿಗುವುದು ಬಲಗಾಲಿಗೆ. ಬಾಸ್ ಗಿಟಾರಿನ ಜೊತೆ ಅದು ಅಲ್ಲಲ್ಲಿ ಎಡವಿದಂತೆ ಆಡುತ್ತದೆ.

ಬಾಯಿ ತೆರೆದ ಕೂಡಲೇ ಕೆಡುವುದು ಈ ಬಿಡುವಾದ ಅಂಗವೇ. ಕಟ್ಟಿಹಾಕಿದ ಮೂರು ಅಂಗಗಳಿಗೆ ಅಭ್ಯಾಸಬಲವಿದೆ, ತಮ್ಮ ಪಾಡಿಗೆ ನಡೆಯುತ್ತವೆ. ನಾಲ್ಕನೆಯದಕ್ಕೆ ಯಜಮಾನರಿಲ್ಲ, ಅದು ಬಾಯಿಯ ಬೆನ್ನು ಹತ್ತುತ್ತದೆ. ಹಾಡಿನ ಪ್ರತಿ ಅಕ್ಷರಕ್ಕೂ ಸ್ನೇರ್ ‘ಟಕ್’ ಅನ್ನುತ್ತದೆ, ಇಲ್ಲವೇ ಬಾಸ್ ಡ್ರಮ್ ಕೂತುಬಿಡುತ್ತದೆ. ಕೇಳುಗರಿಗೆ ಯಾಕೆಂದು ತಿಳಿಯದಿದ್ದರೂ ಹಾಡು ಮಕ್ಕಳ ಪದ್ಯದಂತೆ ಕುಂಟುತ್ತದೆ.

ಇದಕ್ಕೆ ಮದ್ದು ನಿಧಾನ. ನಿಮಿಷಕ್ಕೆ 60 ಎಣಿಕೆಗೆ ಲಯ ತೋರಿಸುವ ಮೆಟ್ರೊನೋಮ್ ಇಟ್ಟು, ನಡೆ ಕೈಗೆ ಕೂರುವವರೆಗೆ ಬಾಯಿ ಮುಚ್ಚಿಕೊಂಡು ಬಾರಿಸಬೇಕು. ಆಮೇಲೆ ಹಾಡಿನ ಮಾತನ್ನು ರಾಗವಿಲ್ಲದೆ, ಎಣಿಕೆಗೆ ಒಂದಕ್ಷರದಂತೆ ಹೇಳಬೇಕು. ಅದು ಸಲೀಸಾದ ಮೇಲೆ ಅದೇ ಮಾತನ್ನು ಸಹಜ ಓಟದಲ್ಲಿ, ಆಗಲೂ ರಾಗವಿಲ್ಲದೆ. ತೊಡಕಿರುವುದು ಲಯದಲ್ಲಿ, ಶ್ರುತಿಯಲ್ಲಲ್ಲ. ಎರಡನ್ನೂ ಒಟ್ಟಿಗೆ ಬಿಡಿಸಹೊರಟರೆ ಎರಡೂ ಸಿಕ್ಕಾಗುತ್ತವೆ. ರಾಗ ಸೇರಿಸುವುದು ಕೊನೆಗೆ. ಒಂದು ಸಾಲಿನಲ್ಲಿ ಎಡವಿದರೆ ಹಾಡನ್ನು ಮೊದಲಿನಿಂದ ಎತ್ತಿಕೊಳ್ಳುವುದು ದಂಡ. ಆ ಸಾಲಿನ ಎರಡು ಆವರ್ತವನ್ನಷ್ಟೇ ತಿರುಗಿಸಬೇಕು.

ಇನ್ನು ಉಸಿರು. ಡ್ರಮ್ಮರ್ ತನ್ನ ಕೈಚಳಕ ತೋರಿಸುವುದು ಸಾಲು ಮುಗಿದು ಮುಂದಿನ ಸಾಲು ಹುಟ್ಟುವ ಸಂದಿಯಲ್ಲಿ. ಅದನ್ನು ಫಿಲ್ ಅನ್ನುತ್ತಾರೆ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಅದೇ ಸಂದಿಯಲ್ಲಿ. ಇಬ್ಬರೂ ಒಬ್ಬರೇ ಆದಾಗ ಸ್ನೇರ್‌ನಿಂದ ಟಾಮ್ ಎಂಬ ದಪ್ಪ ಸದ್ದಿನ ಡ್ರಮ್‌ಗಳವರೆಗೆ ಉರುಳಿಬರುವ ದೊಡ್ಡ ಫಿಲ್ ಹೊಟ್ಟೆಯನ್ನು ಬಿಗಿಯುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ, ಮುಂದಿನ ಸಾಲಿನ ಕೊನೆಯ ಪದ ಒಣಗುತ್ತದೆ. ಆದ್ದರಿಂದ ತಿಳಿದವರು ಫಿಲ್ ಬಿಟ್ಟುಕೊಡುತ್ತಾರೆ. ಹೈ-ಹ್ಯಾಟ್ ಒಮ್ಮೆ ತೆರೆದು ಮುಚ್ಚಿದರೆ, ಸ್ನೇರ್‌ಗೆ ಎರಡು ಮೆಲುಪೆಟ್ಟು ಕೊಟ್ಟರೆ ಸಾಕು. ಪಾದದ ವಿಷಯವೂ ಹೀಗೇ. ಹಿಮ್ಮಡಿ ಎತ್ತಿ ಪೆಡಲ್ ತುಳಿದರೆ ಸದ್ದು ದಪ್ಪ ಬರುತ್ತದೆ, ಆದರೆ ಇಡೀ ಕಾಲಿನ ಭಾರವನ್ನು ಸೊಂಟವೂ ಹೊಟ್ಟೆಯೂ ಹೊರಬೇಕು. ಹಿಮ್ಮಡಿ ಊರಿ ತುಳಿದರೆ ಕೆಲಸ ಕಣಕಾಲಿನದು, ಹೊಟ್ಟೆ ಹಾಡಿಗೆ ಉಳಿಯುತ್ತದೆ. ಪೀಠವನ್ನು ತೊಡೆ ಮುಂದಕ್ಕೆ ತುಸು ಇಳಿಜಾರಾಗುವಷ್ಟು ಎತ್ತರಿಸಿಕೊಂಡರೆ ಇನ್ನೂ ವಾಸಿ. ಮೇಲಿನ ಸ್ವರಕ್ಕೆ ಏರುವಾಗ ವೇಗ ಹೆಚ್ಚುವ ಚಾಳಿಯೂ ಈ ಬಿಗಿತದಿಂದಲೇ ಹುಟ್ಟುವುದು.

ಈಗ ಜೇಮಿಸನ್ ರಾಸ್ ಅವರ ಆಲ್ಬಮ್ಮಿಗೆ ಬರೋಣ. ಅದರಲ್ಲಿರುವ ‘ಡೀಪ್ ಡೌನ್ ಇನ್ ಫ್ಲಾರಿಡಾ’ ಮೂಲತಃ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರದು. ಅವರ 1977ರ ‘ಹಾರ್ಡ್ ಅಗೇನ್’ ಆಲ್ಬಮ್ಮಿನಲ್ಲಿದೆ. ಆ ರೆಕಾರ್ಡಿಂಗಿನಲ್ಲಿ ಡ್ರಮ್ಸ್ ವಿಲ್ಲಿ ಸ್ಮಿತ್ ಅವರದು. ಅಲ್ಲಿ ಹಾಡುವ ಗಂಟಲೇ ಬೇರೆ, ಬಾರಿಸುವ ಕೈಯೇ ಬೇರೆ. ಎರಡೂ ರೆಕಾರ್ಡಿಂಗುಗಳನ್ನು ಒಂದರ ಬೆನ್ನಿಗೆ ಒಂದು ಹಾಕಿಕೊಂಡು ಕೇಳಿ. ಇಂಥ ಹಾಡಿನಲ್ಲಿ ಗಾಯಕರು ಎಣಿಕೆಗಿಂತ ಒಂದೆಳೆ ತಡವಾಗಿ ಪದ ಇಳಿಸುತ್ತಾರೆ. ನಮ್ಮಲ್ಲಿ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪು ಇದೆಯಲ್ಲ, ಇದು ಹಾಗಲ್ಲ. ಅನಾಗತದಲ್ಲಿ ಎಷ್ಟು ಅಕ್ಷರ ಬಿಟ್ಟು ಎತ್ತಬೇಕೆಂಬುದು ಗಟ್ಟಿ ಲೆಕ್ಕ. ಬ್ಲೂಸ್, ಸೋಲ್‌ಗಳ ಈ ತಡಕ್ಕೆ ಲೆಕ್ಕವಿಲ್ಲ, ಪದದ ಭಾರ ನೋಡಿಕೊಂಡು ಜಾರಿಸುವುದು. ಎಣಿಕೆಗೆ ಒಂದು ಸೆಕೆಂಡಿನ ನಡೆಯಲ್ಲಿ ಹತ್ತನೇ ಒಂದು ಸೆಕೆಂಡು ಜಾರಿದರೂ ಕಿವಿಗೆ ಗೊತ್ತಾಗುತ್ತದೆ. ದನಿ ಜಾರುವಾಗ ಕೈ ಜಾರಬಾರದು. ಕೈಯೂ ಜಾರಿದರೆ ಅದು ತಡವಲ್ಲ, ಬರೀ ಕಾಲ ಇಳಿದದ್ದು. ಒಂದೇ ದೇಹದೊಳಗೆ ಈ ಎರಡು ಗಡಿಯಾರ ಇಟ್ಟುಕೊಳ್ಳುವುದು, ನನ್ನ ಮಟ್ಟಿಗೆ, ವೇಗದ ಸೋಲೊ ಬಾರಿಸುವುದಕ್ಕಿಂತ ದೊಡ್ಡ ಸಾಧನೆ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಗ್ರೇಡಿ ಟೇಟ್ ದೊಡ್ಡ ಹೆಸರು. 1932ರಲ್ಲಿ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ ಹುಟ್ಟಿ, 2017ರಲ್ಲಿ ತೀರಿಕೊಂಡವರು. ಆರ್ಗನ್ನಿನ ಜಿಮ್ಮಿ ಸ್ಮಿತ್, ಗಿಟಾರಿನ ವೆಸ್ ಮಾಂಟ್ಗೊಮರಿ 1966ರಲ್ಲಿ ಜೊತೆಯಾಗಿ ನುಡಿಸಿದಾಗ ಡ್ರಮ್ಸ್ ಇವರದೇ. 1968ರಲ್ಲಿ ‘ವಿಂಡ್‌ಮಿಲ್ಸ್ ಆಫ್ ಮೈ ಮೈಂಡ್’ ಎಂಬ ಆಲ್ಬಮ್ಮಿನಲ್ಲಿ ಗಾಯಕರಾಗಿ ಬಂದರು. ತಗ್ಗಿನ, ಅವಸರವಿಲ್ಲದ ದನಿ. ಮಾರ್ವಿನ್ ಗೇ ಕೂಡ ಗಾಯಕರಾಗಿ ಹೆಸರಾಗುವ ಮೊದಲು ಮೋಟೌನ್ ಕಂಪನಿಯಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. 1961ರ ‘ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್’ ಹಾಡಿನಲ್ಲಿ ಕೇಳುವುದು ಅವರ ಕೈ. ಸ್ಟೀವಿ ವಂಡರ್ 1972ರ ‘ಸೂಪರ್‌ಸ್ಟಿಷನ್’ಗೆ ತಾವೇ ಬಾರಿಸಿ ತಾವೇ ಹಾಡಿದರು. ಆದರೆ ಹಾಗೆ ಒಂದರ ಮೇಲೊಂದು ಪದರವಾಗಿ ಮುದ್ರಿಸುವುದು ಬೇರೆಯದೇ ವಿದ್ಯೆ. ಜಾಝ್ ಜೊತೆ ನಮ್ಮವರ ನಂಟೂ ಹಳೆಯದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ 1983ರಷ್ಟು ಹಿಂದಿನದು. ಅಲ್ಲಿ ಗಾಯನ ಆರ್.ಎ. ರಮಾಮಣಿ ಅವರದು, ಮೃದಂಗ ಟಿ.ಎ.ಎಸ್. ಮಣಿ ಅವರದು. ಕೆಲಸ ಇಬ್ಬರಿಗೆ ಹಂಚಿದೆ.

ಉಳಿದದ್ದು ಮೈಕ್. ವೇದಿಕೆಯಲ್ಲಿ ಹಾಡುವ ಡ್ರಮ್ಮರ್‌ಗಳು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಬಲಗೈ ವಾದಕರಾದರೆ ಸ್ಟ್ಯಾಂಡನ್ನು ಎಡಭುಜದ ಹಿಂದೆ ನಿಲ್ಲಿಸಿ, ಉದ್ದ ತೋಳನ್ನು ಎಡದಿಂದ ಬಾಯಿಯ ಮುಂದಕ್ಕೆ ತರಬೇಕು. ಎದುರಿನಿಂದ ತಂದರೆ ಕೋಲು ತಗುಲುತ್ತದೆ. ಬಾಯಿಗೂ ಮೈಕಿಗೂ ಎರಡು ಮೂರು ಸೆಂಟಿಮೀಟರ್ ಮಾತ್ರ ಅಂತರ. ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕ್ ತನ್ನ ನೇರ ಬೆನ್ನ ಹಿಂದಿನ ಸದ್ದನ್ನು ಅತಿ ಕಡಿಮೆ ಕೇಳಿಸಿಕೊಳ್ಳುತ್ತದೆ, ಹೈಪರ್‌ಕಾರ್ಡಿಯಾಯ್ಡ್ ಪಕ್ಕದಿಂದ ತುಸು ಹಿಂದಕ್ಕೆ, ಸುಮಾರು 110 ಡಿಗ್ರಿಯಲ್ಲಿ ಕಿವುಡು. ಕಾಟ ಸ್ನೇರ್‌ದಾದರೆ ಮೊದಲನೆಯದು, ಇಕ್ಕೆಲದ ಸಿಂಬಲ್‌ಗಳದಾದರೆ ಎರಡನೆಯದು. ಕತ್ತು ತಿರುಗಿಸಿ ರೈಡ್ ನೋಡುತ್ತ ಹಾಡುವವರಿಗೆ ಯಾವ ಮೈಕೂ ನೆರವಾಗದು.

ಸೋರಿಬಂದ ಸಿಂಬಲ್ ಸದ್ದಿನ ನಿಜವಾದ ತೊಂದರೆ ಮಿಕ್ಸಿಂಗ್ ಹೊತ್ತಿನಲ್ಲಿ ಗೊತ್ತಾಗುತ್ತದೆ. ದನಿಯ ಏರಿಳಿತ ಸಮ ಮಾಡಲು ಕಂಪ್ರೆಸರ್ ಹಾಕುತ್ತಾರೆ. ಅದು ಜೋರಾದದ್ದನ್ನು ಒತ್ತುತ್ತದೆ, ಆಮೇಲೆ ಒಟ್ಟು ಮಟ್ಟವನ್ನು ಏರಿಸುತ್ತಾರೆ. ಹಾಡುವವರು ಉಸಿರು ಎಳೆದುಕೊಳ್ಳುವಾಗ ಒತ್ತಲು ಏನೂ ಇರುವುದಿಲ್ಲ, ಆದ್ದರಿಂದ ಆ ಮೈಕಿನಲ್ಲಿ ಸಿಂಬಲ್ ಉಬ್ಬಿ ಬರುತ್ತದೆ. ದನಿಗೆ ಹೊಳಪು ಬರಲೆಂದು ಮೇಲಿನ ಕಂಪನಾಂಕಗಳನ್ನು ಏರಿಸಿದರೆ ಸಿಂಬಲ್ಲೂ ಕೂಡಿಯೇ ಏರುತ್ತದೆ. ದನಿ ನಿಂತಾಗ ಮೈಕನ್ನು ತಾನಾಗಿ ಮುಚ್ಚುವ ಗೇಟ್ ಹಾಕಿದರೆ ಇನ್ನೊಂದು ಪೇಚು: ಪ್ರತಿ ಸಾಲು ಶುರುವಾದಾಗಲೂ ಸಿಂಬಲ್‌ನ ಬಣ್ಣ ಬದಲಾಗುತ್ತದೆ. ಆದ್ದರಿಂದ ಪಳಗಿದ ಇಂಜಿನಿಯರುಗಳು ಗೇಟಿನ ಗೊಡವೆಗೆ ಹೋಗದೆ, ಸಾಲಿನಿಂದ ಸಾಲಿಗೆ ಸದ್ದಿನ ಮಟ್ಟ ತಿದ್ದುವ ಫೇಡರನ್ನು ಕೈಯಲ್ಲೇ ನಾಲ್ಕೈದು ಡೆಸಿಬಲ್ ಇಳಿಸಿ ಏರಿಸುತ್ತಾರೆ. ಡ್ರಮ್ಮರ್ ತೆಳುವಾದ, ಮಂದ ನಾದದ ಸಿಂಬಲ್ ಆರಿಸಿಕೊಂಡಿದ್ದರೆ, ನಿಧಾನದ ಹಾಡಿಗೆ ಕೋಲು ಬಿಟ್ಟು ತಂತಿ ಎಳೆಗಳ ಬ್ರಷ್ ಹಿಡಿದಿದ್ದರೆ ಅವರಿಗೆ ಆ ಕೆಲಸವೂ ಅರ್ಧ ಉಳಿಯುತ್ತದೆ.

ನಮಸ್ಕಾರ.