ಒಂದು ಹಿಡಿ ಹಿಟ್ಟು

ಕೇಳುಗರೇ, ನಮಸ್ಕಾರ.

ಬಲಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕತ್ತಿ, ರಕ್ತ, ಬೆಂಕಿ. ಯೆಹೂದಿಗಳ ಹೀಬ್ರೂ ಧರ್ಮಗ್ರಂಥದ ಮೂರನೆಯ ಪುಸ್ತಕದಲ್ಲಿ ಇವೆಲ್ಲ ಇವೆ. ಕನ್ನಡ ಬೈಬಲಿನಲ್ಲಿ ಅದರ ಹೆಸರು ಯಾಜಕಕಾಂಡ. ಎಷ್ಟೋ ಜನ ಅದನ್ನು ಓದಲು ಕೂತು ಮೊದಲ ಏಳು ಅಧ್ಯಾಯ ಮುಗಿಯುವ ಮುಂಚೆಯೇ ಮುಚ್ಚಿಡುತ್ತಾರೆ. ಇವತ್ತು ಅದೇ ಅಧ್ಯಾಯಗಳಿಂದ ಒಂದು ಹಿಡಿ ಹಿಟ್ಟಿನ ವಿಷಯ ಹೇಳುತ್ತೇನೆ.

ಐದನೆಯ ಅಧ್ಯಾಯ. ಒಬ್ಬ ಮನುಷ್ಯ ತಪ್ಪು ಮಾಡಿದ್ದಾನೆ. ಸಾಕ್ಷಿ ಹೇಳಬೇಕಾದ ಕಡೆ ಬಾಯಿ ಮುಚ್ಚಿಕೊಂಡಿದ್ದ, ಇಲ್ಲವೇ ದುಡುಕಿ ಆಣೆ ಇಟ್ಟ. ಅವನು ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕು. ಆಮೇಲೆ ಒಂದು ಹೆಣ್ಣು ಕುರಿಯನ್ನೋ ಮೇಕೆಯನ್ನೋ ತರಬೇಕು. ಕೈಲಾಗದಿದ್ದರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ. ಅದಕ್ಕೂ ಗತಿ ಇಲ್ಲದಿದ್ದರೆ ನಯವಾದ ಗೋಧಿಹಿಟ್ಟು, ಎಫಾ ಅನ್ನುವ ಅಳತೆಯ ಹತ್ತನೇ ಒಂದು ಪಾಲು. ಇವತ್ತಿನ ಲೆಕ್ಕಕ್ಕೆ ಹೆಚ್ಚುಕಡಿಮೆ 2 ಲೀಟರಿನ ಡಬ್ಬಿಯಷ್ಟು. ಎಣ್ಣೆ ಹಾಕುವ ಹಾಗಿಲ್ಲ, ಧೂಪ ಇಡುವ ಹಾಗಿಲ್ಲ. ಬರೀ ಹಿಟ್ಟು. ಯಾಜಕ ಅದರಿಂದ ಒಂದು ಹಿಡಿ ತೆಗೆದು ಬಲಿಪೀಠದ ಬೆಂಕಿಗೆ ಹಾಕುತ್ತಾನೆ.

ಅಷ್ಟೇ. ಕತ್ತಿ ಇಲ್ಲ, ಒಂದು ಹನಿ ರಕ್ತವೂ ಇಲ್ಲ. ಆದರೂ ಹಕ್ಕಿ ತಂದವನಿಗೆ ಯಾವ ಮಾತು ಹೇಳಿದೆಯೋ ಹಿಟ್ಟು ತಂದವನಿಗೂ ಅದೇ ಮಾತು: ಅವನಿಗೆ ಕ್ಷಮೆ ಸಿಗುತ್ತದೆ. ಈ ಸಾಲು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಕಾಣಿಕೆಗೆ ಹೀಬ್ರೂವಿನಲ್ಲಿ ಕೊರ್ಬಾನ್ ಅನ್ನುತ್ತಾರೆ. ಆ ಮಾತಿನ ಬೇರು 'ಹತ್ತಿರ ಬರು' ಅನ್ನುವುದು. ದೇವರ ಹತ್ತಿರ ಹೋಗಬೇಕು, ಅದಕ್ಕೆ ಕುರಿಯೂ ಒಂದು ದಾರಿ, ಹಿಟ್ಟೂ ಒಂದು ದಾರಿ. ಎರಡನೆಯ ಅಧ್ಯಾಯ ಹಿಟ್ಟಿನ ಕಾಣಿಕೆ ತರುವವನನ್ನು 'ನೆಫೆಶ್' ಅಂತ ಕರೆಯುತ್ತದೆ. ನೆಫೆಶ್ ಅಂದರೆ ಜೀವ, ಪ್ರಾಣ. ತಾಲ್ಮುದ್ ಅನ್ನುವುದು ಯೆಹೂದಿ ಗುರುಗಳ ಚರ್ಚೆಗಳ ದೊಡ್ಡ ಗ್ರಂಥ. ಅದರಲ್ಲಿ ರಬ್ಬಿ, ಅಂದರೆ ಗುರು, ಇಸಾಕ್ ಇದನ್ನು ಹಿಡಿದುಕೊಂಡು ಕೇಳುತ್ತಾರೆ: ಹಿಟ್ಟು ತರುವವನು ಯಾರು? ಬಡವ ತಾನೇ? ಅವನು ತನ್ನ ಪ್ರಾಣವನ್ನೇ ತಂದಿಟ್ಟ ಅಂತ ದೇವರು ಎಣಿಸುತ್ತಾನೆ.

ಇನ್ನೊಂದು ನಿಯಮ ನೋಡಿ. ಒಬ್ಬ ನೆರೆಯವನಿಗೆ ಮೋಸ ಮಾಡಿದ. ಅವನು ಇಟ್ಟುಕೊಳ್ಳಲು ಕೊಟ್ಟದ್ದನ್ನು ನುಂಗಿಹಾಕಿದ, ಮೇಲೆ ಸುಳ್ಳು ಆಣೆಯನ್ನೂ ಮಾಡಿದ. ಇಂಥವನು ಟಗರು ಹಿಡಿದುಕೊಂಡು ನೇರವಾಗಿ ಬಲಿಪೀಠಕ್ಕೆ ಬಂದರೆ ಆಗುವುದಿಲ್ಲ. ತೆಗೆದುಕೊಂಡದ್ದನ್ನೆಲ್ಲ ವಾಪಸು ಕೊಡಬೇಕು, ಜೊತೆಗೆ ಅದರ ಐದನೇ ಒಂದು ಪಾಲು ಜಾಸ್ತಿ ಸೇರಿಸಬೇಕು. ಟಗರಿನ ಮಾತು ಬರುವುದು ಅದಾದ ಮೇಲೆ.

ಪವಿತ್ರ ಅನ್ನುವುದಕ್ಕೆ ಹೀಬ್ರೂವಿನಲ್ಲಿ ಕಾದೋಶ್, ಬೇರೆಯಾಗಿ ಇಟ್ಟದ್ದು. ಮುಟ್ಟಬಾರದ್ದು, ತಿನ್ನಬಾರದ್ದು ಅನ್ನುವ ಕಟ್ಟಳೆಗಳು ಈ ಪುಸ್ತಕದಲ್ಲಿ ಬೇಕಾದಷ್ಟಿವೆ. ಆದರೆ 19ನೆಯ ಅಧ್ಯಾಯ ತೆರೆಯಿರಿ. 'ನಾನು ಪವಿತ್ರನು, ನೀವೂ ಪವಿತ್ರರಾಗಿರಿ' ಅಂತ ಶುರುವಾಗುತ್ತದೆ. ಸ್ವಲ್ಪ ಮುಂದೆ ಹೋದರೆ ಮಾತು ಹೊಲಕ್ಕೆ ಇಳಿಯುತ್ತದೆ. ಹೊಲದ ಅಂಚಿನ ಪೈರು ಕೊಯ್ಯಬೇಡ, ಉದುರಿದ ದ್ರಾಕ್ಷಿ ಆರಿಸಬೇಡ, ಅದು ಬಡವರಿಗೆ, ಪರದೇಶದವರಿಗೆ. ಕೂಲಿಯವನ ಹಣ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ. ಕಿವುಡನಿಗೆ ಕೇಳಿಸುವುದಿಲ್ಲ, ಕುರುಡನಿಗೆ ಕಾಣಿಸುವುದಿಲ್ಲ, ಅಲ್ವಾ? ಅಲ್ಲಿ ನೋಡುವವನು ದೇವರೊಬ್ಬನೇ.

ಕ್ರಿಸ್ತಶಕ 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟರು. ಬಲಿಪೀಠ ಹೋಯಿತು, ಹಿಟ್ಟು ತರಲೂ ಜಾಗವಿಲ್ಲ. ಆದರೆ ಆ ಟಗರಿನ ನಿಯಮದ ಜೀವ ಉಳಿಯಿತು. ಸುಮಾರು 200ರ ಹೊತ್ತಿಗೆ ಕೂಡಿಸಿದ ಮಿಶ್ನಾ ಅನ್ನುವ ಯೆಹೂದಿ ಕಟ್ಟಳೆಗಳ ಸಂಗ್ರಹ ಹೇಳುತ್ತದೆ: ಮನುಷ್ಯನಿಗೆ ಮಾಡಿದ ತಪ್ಪನ್ನು ಯೋಮ್ ಕಿಪ್ಪೂರ್, ಅಂದರೆ ಪ್ರಾಯಶ್ಚಿತ್ತದ ಉಪವಾಸದ ದಿನ, ತೊಳೆದುಹಾಕುವುದಿಲ್ಲ, ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ. ಈಗಲೂ ಆ ಉಪವಾಸದ ದಿನಕ್ಕೆ ಮುಂಚೆ ಯೆಹೂದಿಗಳು ತಾವು ನೋಯಿಸಿದವರನ್ನು ಹುಡುಕಿಕೊಂಡು ಹೋಗುತ್ತಾರೆ. ದೂರದಲ್ಲಿದ್ದರೆ ಫೋನ್ ಮಾಡುತ್ತಾರೆ. ಕ್ಷಮಿಸು ಅಂತ ಕೇಳುತ್ತಾರೆ. ಆಮೇಲೆ ಪ್ರಾರ್ಥನೆಗೆ ಹೋಗುತ್ತಾರೆ.