ಲಂಟಾನ ಕಿತ್ತ ಮೇಲಿನ ಮೂರು ವರ್ಷ

ಎಲ್ಲರಿಗೂ ನಮಸ್ಕಾರ.

ಬಂಡೀಪುರ, ನಾಗರಹೊಳೆ ಎಂದೊಡನೆ ಹುಲಿಯ ಲೆಕ್ಕ ಶುರುವಾಗುತ್ತದೆ. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563 ಹುಲಿ, ಅದರಲ್ಲಿ ಬಂಡೀಪುರಕ್ಕೆ 150, ನಾಗರಹೊಳೆಗೆ 141. ಹೆಮ್ಮೆಪಡಬೇಕಾದ ಲೆಕ್ಕವೇ. ಆದರೆ ಹುಲಿ ತಿನ್ನುವ ಜಿಂಕೆ, ಕಡವೆ, ಕಾಟಿ ಏನು ತಿನ್ನುತ್ತವೆ ಎಂದು ಕೇಳುವವರು ಕಡಿಮೆ. ಉತ್ತರ ಹುಲ್ಲು. ಎಲೆಯುದುರುವ ಕಾಡಿನಲ್ಲಿ ಮರಗಳ ನಡುವೆ ಬೆಳಕು ನೆಲಕ್ಕೆ ಇಳಿಯುತ್ತದೆ, ಆ ಬೆಳಕಿನಲ್ಲಿ ಹುಲ್ಲು ಬೆಳೆಯುತ್ತದೆ. ಆ ಜಾಗವನ್ನೇ ಇವತ್ತು ಲಂಟಾನ ಎಂಬ ಮುಳ್ಳುಪೊದೆ ಹಿಡಿದುಕೊಂಡಿದೆ. ಈ ಕಾಡುಗಳಲ್ಲಿ ಮೊದಲು ಕೈ ಹಾಕಬೇಕಾದ ಕೆಲಸ ಅದನ್ನು ತೆಗೆಯುವುದೇ ಎಂದು ನಾನು ನಂಬಿದ್ದೇನೆ.

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಗಿಡ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಇಡೀ ಕಾಡಿನ ಉದ್ದಗಲಕ್ಕೂ ಸಣ್ಣ ಸಣ್ಣ ತಾಕುಗಳನ್ನು ಗುರುತಿಸಿ ಗಿಡ ಎಣಿಸಿದ್ದರು. ಅವೇ ತಾಕುಗಳನ್ನು 2008ರಲ್ಲಿ ಮತ್ತೆ ಎಣಿಸಿದಾಗ, ಲಂಟಾನ ಇರುವ ತಾಕುಗಳು ನೂರಕ್ಕೆ 41ರಿಂದ 81ಕ್ಕೆ ಏರಿದ್ದವು. ಆ ಅವಧಿಯುದ್ದಕ್ಕೂ ಆ ಕಾಡು ಅಭಯಾರಣ್ಯವೇ ಆಗಿತ್ತು. ಕಾವಲಿದ್ದರೂ ಕಾಡು ಒಳಗಿನಿಂದ ಬದಲಾಗಿದೆ.

ಇದಕ್ಕೆ ಆ ಬೆಟ್ಟದ ಕಾಡಿನಲ್ಲೇ ಬದುಕುವ ಸೋಲಿಗರು ಹೇಳುವ ಕಾರಣ ನೇರವಾಗಿದೆ: ತರಗು ಬೆಂಕಿ ನಿಂತಿತು, ಲಂಟಾನ ಬಂತು. ಹಿಂದೆ ಜನವರಿ, ಫೆಬ್ರವರಿಯಲ್ಲಿ, ಹುಲ್ಲಿನ ಬುಡದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಬಿದ್ದ ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಅದು ಮೊಣಕಾಲೆತ್ತರದ ಬೆಂಕಿ, ಬೇಗ ಹಾದುಹೋಗುತ್ತಿತ್ತು. ಮರ ಉಳಿಯುತ್ತಿತ್ತು, ಲಂಟಾನದ ಎಳೆ ಸಸಿ ಸಾಯುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಕೂಡ ಹತೋಟಿಯಲ್ಲಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿತು. ಬೆಂಕಿ ನಿಲ್ಲಲಿಲ್ಲ, ಅದರ ಕಾಲ ಮತ್ತು ಗಾತ್ರ ಬದಲಾದವು. ಈಗ ಬೆಂಕಿ ಬೀಳುವುದು ಎಲ್ಲ ಒಣಗಿ ನಿಂತಾಗ. ಎರಡಾಳೆತ್ತರದ ಲಂಟಾನ ಪೊದೆ ಜ್ವಾಲೆಯನ್ನು ನೆಲದಿಂದ ಎತ್ತಿ ಮರದ ಕೊಂಬೆಗೆ ಮುಟ್ಟಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಒಣ ಲಂಟಾನ ಹೇಗೆ ಉರಿಯುತ್ತದೆ ಎಂಬುದನ್ನು ಎಲ್ಲರೂ ನೋಡಿದರು. ಸುಟ್ಟ ಮೇಲೆ ಮೊದಲ ಮಳೆಗೆ ಬುಡದಿಂದ ಚಿಗುರುವುದೂ ಲಂಟಾನವೇ. ಹಾಗಾಗಿ ದಟ್ಟವಾಗಿ ಬೆಳೆದಿರುವ ಕಡೆ ತರಗು ಬೆಂಕಿಯನ್ನು ಇವತ್ತು ಹಾಗೆಯೇ ಮರಳಿ ತರಲು ಬರುವುದಿಲ್ಲ. ಮೊದಲು ಗಿಡ ಹೋಗಬೇಕು.

ಹೇಗೆ ತೆಗೆಯಬೇಕು? ಸಾಮಾನ್ಯವಾಗಿ ಮಾಡುವುದು ಮಚ್ಚಿನಲ್ಲಿ ಬುಡ ಕಡಿಯುವುದು. ಕಾಂಡ ಬೇರಿಗೆ ಸೇರುವ ಗಂಟಿನಲ್ಲಿ ಮಲಗಿರುವ ಮೊಗ್ಗುಗಳಿರುತ್ತವೆ. ಮೇಲೆ ಕಡಿದರೆ ಒಂದು ಕಾಂಡವಿದ್ದ ಕಡೆ ಹತ್ತು ಚಿಗುರು ಏಳುತ್ತವೆ. ಜೆಸಿಬಿ ತಂದು ಕಿತ್ತರೆ ನೆಲ ಅಗೆದು ಕದಡಿ, ಮಣ್ಣಿನಲ್ಲಿ ಕಾದಿದ್ದ ಬೀಜವೆಲ್ಲ ಒಟ್ಟಿಗೆ ಮೊಳೆಯುತ್ತದೆ, ಜೊತೆಗಿದ್ದ ನೆಲ್ಲಿ, ಮತ್ತಿ, ದಿಂಡಿಲು ಸಸಿಗಳೂ ಹೋಗುತ್ತವೆ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ ಏಟು ಬೀಳುವುದು ಮಣ್ಣಿನ ಒಳಗೆ. ಒಬ್ಬರು ಪೊದೆಯನ್ನು ಒಂದು ಬದಿಗೆ ಬಾಗಿಸಿ ಹಿಡಿಯುತ್ತಾರೆ. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ಗಂಟಿನ ಕೆಳಗೆ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ಉದ್ದ ಹಿಡಿಯ ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸುತ್ತಾರೆ. ಗಿಡ ಇಡಿಯಾಗಿ ಏಳುತ್ತದೆ. ಅದನ್ನು ತಲೆಕೆಳಗು ಮಾಡಿ ಬೇರು ಮೇಲಕ್ಕೆ ಬರುವಂತೆ ಇಡಬೇಕು. ಹಸಿ ಮಣ್ಣಿಗೆ ತಾಗಿದ ಕಾಂಡ ಮತ್ತೆ ಬೇರು ಬಿಡುತ್ತದೆ, ಅದಕ್ಕೇ ಈ ಎಚ್ಚರ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೆಲಸ ಸಲೀಸು, ಆದರೆ ಕಾಯಿ ಹಣ್ಣಾಗುವ ಮೊದಲೇ ಮುಗಿಯಬೇಕು. ಹಣ್ಣಿರುವ ಪೊದೆಯನ್ನು ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಬೀಜ ಬಿತ್ತಿದಂತೆಯೇ.

ಎಲ್ಲಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ಅತಿ ದಟ್ಟವಾಗಿರುವ ಜಾಗ ತೋರಿಸುತ್ತಾರೆ. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧ. ಹುಲ್ಲು ಇನ್ನೂ ಉಳಿದಿರುವ, ಲಂಟಾನ ಈಗಷ್ಟೇ ಕಾಲಿಟ್ಟಿರುವ ಕಡೆಯಿಂದ ಶುರು ಮಾಡಿ ದಟ್ಟ ಪೊದೆಯ ಕಡೆಗೆ ಸಾಗಬೇಕು. ಆಗ ತೆರವಾದ ನೆಲಕ್ಕೆ ಪಕ್ಕದಿಂದಲೇ ಹುಲ್ಲಿನ ಬೀಜ ಬರುತ್ತದೆ. ದಟ್ಟ ಪೊದೆಯ ನಡುವೆ ತೆರವು ಮಾಡಿದ ಜಾಗಕ್ಕೆ ಸುತ್ತಲಿಂದ ಬರುವುದು ಲಂಟಾನದ ಬೀಜ ಮಾತ್ರ.

ಇನ್ನು ಯೋಜನೆಗಳು ಸೋಲುವ ಜಾಗಕ್ಕೆ ಬರುತ್ತೇನೆ. ಕಿತ್ತ ವರ್ಷ ನೆಲ ಸ್ವಚ್ಛವಾಗಿ ಕಾಣುತ್ತದೆ, ಫೋಟೊ ತೆಗೆಯುತ್ತಾರೆ, ಬಿಲ್ ಪಾಸಾಗುತ್ತದೆ. ಮುಂದಿನ ಮಳೆಗೆ ಸಸಿಗಳು ಏಳುತ್ತವೆ. ಪಿಕಳಾರ, ಮೈನಾದಂಥ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬೀಳಿಸುವುದು ಅವು ಕೂರುವ ಮರದಡಿಯಲ್ಲಿ. ಆದ್ದರಿಂದ ಮತ್ತೆ ಎದ್ದ ಸಸಿ ಕೀಳಲು ಇಡೀ ಕಾಡು ಸುತ್ತುವ ಮೊದಲು ಒಂಟಿ ಮರಗಳ ಬುಡ, ಹಳ್ಳದ ಅಂಚು, ಜೀಪು ರಸ್ತೆಯ ಬದಿ ನೋಡಬೇಕು. ಮೊದಲ ವರ್ಷ ಎರಡು ಸಲ, ಮುಂದಿನ ಎರಡು ವರ್ಷ ಒಂದೊಂದು ಸಲ. ಎಳೆ ಸಸಿ ಒಂದೇ ಕೈಯಲ್ಲಿ ಬರುತ್ತದೆ, ಎರಡು ಮಳೆ ಕಂಡಿತೋ ಗುದ್ದಲಿ ಬೇಕು. ಈ ಮೂರು ವರ್ಷಕ್ಕೆ ಹಣ ಎತ್ತಿಡದೆ ಲಂಟಾನ ಕೀಳಲು ಹೊರಡಲೇಬಾರದು.

ಬರಿದಾದ ನೆಲವನ್ನು ಹಾಗೇ ಬಿಟ್ಟರೆ ಕಮ್ಯುನಿಸ್ಟ್ ಗಿಡವೋ ಪಾರ್ಥೇನಿಯಮ್ಮೋ, ಇಂಥ ಇನ್ನೊಂದು ಕಳೆ ಬಂದು ಕೂರುತ್ತದೆ. ಹತ್ತಿರದ ಹುಲ್ಲುಗಾವಲಿನಿಂದಲೇ ಹುಲ್ಲಿನ ಬುಡ ಸೀಳಿ ತಂದು ಮಳೆ ಹಿಡಿದ ಮೇಲೆ ನೆಡಬೇಕು. ಆನೆ, ಜಿಂಕೆ ಎಳೆ ಹುಲ್ಲನ್ನು ಬೇರುಸಹಿತ ಎಳೆಯುತ್ತವೆ. ಅದಕ್ಕೆ ಸಣ್ಣ ಸಣ್ಣ ಪಟ್ಟಿಗಳಿಗೆ, ಕಿತ್ತ ಲಂಟಾನದ್ದೇ ಒಣ ಮುಳ್ಳುಕೊಂಬೆಯ ಬೇಲಿ ಹಾಕಿ, ಹುಲ್ಲು ಬೀಜ ಕಟ್ಟುವ ತನಕ ಕಾಯಬಹುದು. ಅಲ್ಲಿಂದ ಅದು ತಾನೇ ಹರಡುತ್ತದೆ.

ಬೆಂಕಿ ರೇಖೆಗಳ, ಅಂದರೆ ಕಾಳ್ಗಿಚ್ಚು ದಾಟದಂತೆ ಮೊದಲೇ ಸುಟ್ಟು ಬರಿದು ಮಾಡುವ ಪಟ್ಟಿಗಳ, ಬಗ್ಗೆ ಎರಡು ಮಾತು. ರಸ್ತೆ, ಗಡಿಗಳ ಪಕ್ಕದ ಪಟ್ಟಿಯನ್ನು ಡಿಸೆಂಬರ್, ಜನವರಿಯಲ್ಲಿ ಸವರಿ, ಒಣಗಲು ಬಿಟ್ಟು, ಗಾಳಿ ಇಳಿದ ಹೊತ್ತಿನಲ್ಲಿ ಸುಡಬೇಕು. ಗಾಳಿ ಹೋಗುವ ದಿಕ್ಕಿನ ಅಂಚಿನಿಂದ ಹಚ್ಚಿದರೆ ಬೆಂಕಿ ಗಾಳಿಗೆದುರಾಗಿ ಮೆಲ್ಲಗೆ ಹಿಂದೆ ಸರಿಯುತ್ತದೆ, ಅಡ್ಡ ಹಾರುವುದಿಲ್ಲ. ಬಿದ್ದ ಒಣ ದಿಮ್ಮಿ, ಸತ್ತ ಬಿದಿರ ಮೆಳೆ, ಆನೆ ಲದ್ದಿ ಗಂಟೆಗಟ್ಟಲೆ ಒಳಗೊಳಗೇ ಉರಿಯುತ್ತವೆ. ಮಧ್ಯಾಹ್ನದ ಗಾಳಿಗೆ ಅದೇ ಕಿಡಿ ರೇಖೆ ದಾಟುತ್ತದೆ. ಅವನ್ನು ಒಡೆದು ಮಣ್ಣು ಮುಚ್ಚದೆ ವಾಚರ್‌ಗಳು ಆ ಜಾಗ ಬಿಡಬಾರದು. ರೇಖೆಯಲ್ಲಿ ಲಂಟಾನ ಸವರಿದ್ದರೆ ಅದು ಮತ್ತೆ ಚಿಗುರುವುದರಿಂದ, ಅಲ್ಲಿಯೂ ಬೇರು ಕತ್ತರಿಸುವ ವಿಧಾನವೇ ಸರಿ.

ಕೆಲಸ ಆಗಿದೆಯೇ ಎಂದು ತಿಳಿಯಲು ಎಷ್ಟು ಎಕರೆ ಕಿತ್ತೆವು ಎಂಬ ಲೆಕ್ಕ ಸಾಲದು. ತೆರವಾದ ಜಾಗದಲ್ಲಿ ಒಂದು ಮೀಟರ್ ಚೌಕದ ಗುರುತುಗಳನ್ನು ಖಾಯಂ ಆಗಿ ನೆಟ್ಟು, ಪ್ರತಿ ಮಳೆಗಾಲದ ಕೊನೆಗೆ ಅದರೊಳಗಿನ ಲಂಟಾನ ಸಸಿ ಎಷ್ಟು, ಹುಲ್ಲು ಎಷ್ಟು ಪಾಲು ನೆಲ ಮುಚ್ಚಿದೆ, ಮರದ ಸಸಿ ಎಷ್ಟು ಎಂದು ಬರೆದಿಡಬೇಕು. ಈ ಎಣಿಕೆಗೆ ಯಂತ್ರವೇನೂ ಬೇಡ. ಹುಲ್ಲಿನ ಜಾತಿ ಗುರುತಿಸಬಲ್ಲ ಸೋಲಿಗರು, ಜೇನುಕುರುಬರು ಆ ಕಾಡುಗಳಲ್ಲೇ ಇದ್ದಾರೆ. ಅವರನ್ನು ಬರೀ ದಿನಗೂಲಿಗೆ ಕರೆಯುವ ಬದಲು ಎಲ್ಲಿ ಕೀಳಬೇಕು, ಯಾವ ತಿಂಗಳು ಕೀಳಬೇಕು ಎಂದು ತೀರ್ಮಾನಿಸುವ ಸಭೆಗೆ ಕರೆಯಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿದೆ. ಆ ಕಾಯ್ದೆ ಕಾಡು, ವನ್ಯಜೀವಿಗಳನ್ನು ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೂ ಕೊಡುತ್ತದೆ.